ಗಾಣಿಗರ ಕಿಂಡಿ

"ಗುರುಗಳೇ, ಕಿಂಡಿ ತೆರೆದ ದಿನವೇ ಅದಕ್ಕೊಂದು ಗುರುತು ಹಾಕಿದ್ದೇನೆ. ತೆರೆದವರು ಯಾರೋ ಅವರ ಗುರುತೇ ಕಿಂಡಿಗೂ. ಅಷ್ಟು ಸಾಲದೇ? ಮಾತು ಬಂದಾಗಲೆಲ್ಲ ಮಾತಾಡಿದವರು ಯಾರು ಅಂತ ಮತ್ತೆ ಮತ್ತೆ ಯಾಕೆ ನೋಡಬೇಕು?"

ಕೇಳಿದವಳು ಹೇಮಾವತಿ. ಕೇಳಿದ್ದು ನಂಜುಂಡಾರಾಧ್ಯರನ್ನು. ಆರಾಧ್ಯರು ಕರ್ನಲ್ ಬರೆಯುವುದನ್ನು ಕಲಿಸುವವರು. ಒಂದು ಗಣಕಯಂತ್ರದೊಳಗೆ ನೂರಾರು ಪ್ರೋಗ್ರಾಮುಗಳು ಒಟ್ಟಿಗೆ ಬಾಳುತ್ತವೆ. ಅವುಗಳ ನಡುವೆ ಕಾವಲು ನಿಂತು, ಯಾರು ಯಾರ ತಂಟೆಗೆ ಹೋಗಬಾರದೆಂದು ನೋಡಿಕೊಳ್ಳುವುದು ಕರ್ನಲ್. ಒಂದು ಪ್ರೋಗ್ರಾಮು ಇನ್ನೊಂದರ ಜೊತೆ ಮಾತಾಡಬೇಕಾದರೆ ಒಂದು ಕಿಂಡಿ ತೆರೆಯುತ್ತದೆ. ಅದನ್ನು ಸಾಕೆಟ್ ಎನ್ನುತ್ತಾರೆ. ಊರಾಚೆಯ ಯಂತ್ರಗಳ ಜೊತೆ ಮಾತಾಡುವ ಸಾಕೆಟ್ಟು ಬೇರೆ. ಇದು ಒಂದೇ ಯಂತ್ರದ ಒಳಗಿನದು, ಒಂದೇ ಸೂರಿನ ಕೆಳಗಿನದು. ಹೇಮಾವತಿ ಮೂರು ತಿಂಗಳು ಕೂತು ಬರೆದದ್ದು ಈ ಒಳಗಿನ ಕಿಂಡಿಗಳಿಗೆ ಗುರುತು ಹಾಕುವ ಕೆಲಸವನ್ನು. ಮಾರನೆಯ ದಿನ ಅದು ಒಂದು ಆಸ್ಪತ್ರೆಗೆ ಹೋಗುವುದಿತ್ತು, ರೋಗಿಗಳ ರಕ್ತನಾಳಕ್ಕೆ ಔಷಧ ಹನಿಸುವ ಯಂತ್ರಗಳೊಳಕ್ಕೆ.

ಆರಾಧ್ಯರು ಅವಳು ಬರೆದದ್ದನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು.

"ತೆರೆದವರು ತಮ್ಮ ಕಿಂಡಿಯನ್ನ ಇನ್ನೊಬ್ಬರ ಕೈಗೆ ಕೊಟ್ಟು ಹೋದರೆ?"

"ಕೊಡಬಹುದು. ಕೊಟ್ಟರೂ ಗುರುತು ತೆರೆದವರದೇ. ಅದನ್ನ ಯಾರೂ ಬದಲಾಯಿಸೋ ಹಾಗಿಲ್ಲ. ಅದೇ ಅದರ ಗಟ್ಟಿತನ. ಅಲ್ಲದೆ ಎಲ್ಲರೂ ಒಳಗಿನವರೇ ಅಲ್ಲವಾ ಗುರುಗಳೇ? ಹೊರಗಿಂದ ಬರೋರನ್ನ ಬಾಗಿಲಲ್ಲೇ ಸೋಸಿರ್ತೀವಿ."

ಆರಾಧ್ಯರು ಕನ್ನಡಕ ತೆಗೆದಿಟ್ಟರು. ಅವರು ಕನ್ನಡಕ ತೆಗೆದರೆ ಕತೆ ಬರುತ್ತದೆಂದು ಶಿಷ್ಯರಿಗೆಲ್ಲ ಗೊತ್ತು. ಆ ಕತೆ ಸುತ್ತಿ ಬಳಸಿ ಕೇಳಿದವರ ತಲೆಗೇ ಬಂದು ಕೂರುತ್ತದೆಂದೂ ಗೊತ್ತು.

ಒಂದು ಊರು. ಊರಿನ ಸುತ್ತ ಗೋಡೆ, ಗೋಡೆಗೆ ಒಂದೇ ಹೆಬ್ಬಾಗಿಲು, ಹೆಬ್ಬಾಗಿಲಿಗೆ ಒಬ್ಬ ತಳವಾರ. ಆ ವರ್ಷ ಸುತ್ತಲ ಸೀಮೆಗೆಲ್ಲ ಅಮ್ಮ ಬಂದಿತ್ತು. ಅಮ್ಮ ಎಂದರೆ ಸಿಡುಬು. ಹೆಸರು ಹಿಡಿದು ಕರೆದರೆ ಮುನಿಯುತ್ತಾಳೆಂದು ಜನ ಅಮ್ಮ ಎನ್ನುತ್ತಿದ್ದರು. ಹಾಗೆ ಕರೆದರೆಂದು ಅವಳೇನೂ ಕರುಣೆ ತೋರಿಸಲಿಲ್ಲ. ಕೆಲವು ಹಳ್ಳಿಗಳಲ್ಲಿ ಸತ್ತವರನ್ನು ಹೂಳುವುದಕ್ಕೂ ಆಳು ಉಳಿದಿರಲಿಲ್ಲ.

ತಳವಾರನ ಮುಖದ ತುಂಬ ಕಲೆ. ಚಿಕ್ಕಂದಿನಲ್ಲೇ ಅಮ್ಮ ಅವನ ಮೈಮೇಲೆ ಬಂದು ಹೋಗಿದ್ದಳು. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ. ಅದಕ್ಕೇ ಊರ ಹಿರಿಯರು ಬೇನೆಯ ಕಾವಲನ್ನೂ ಅವನಿಗೇ ವಹಿಸಿದರು. ಅವನ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಇದ್ದವಳು ಒಬ್ಬಳೇ ಮಗಳು, ಅವಳ ಮುಖದಲ್ಲೂ ಕಲೆ. ಅವಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ಬೇನೆಯ ಕಾಲವಾದ್ದರಿಂದ ಬಾಣಂತನಕ್ಕೆ ನೆಂಟರ್‍ಯಾರೂ ಬರಲಿಲ್ಲ. ಅವಳ ತೊಡೆಯ ಮೇಲೆ ಇಪ್ಪತ್ತು ದಿನದ ಗಂಡು ಕೂಸು. ಆ ಮನೆಯಲ್ಲಿ ಅಮ್ಮ ಇನ್ನೂ ನೋಡದೇ ಬಿಟ್ಟಿದ್ದ ಜೀವ ಅದೊಂದೇ.

ತಳವಾರ ಕೂಸನ್ನು ಒಂದು ದಿನವೂ ಎತ್ತಿಕೊಂಡಿರಲಿಲ್ಲ. ದಿನವಿಡೀ ಹತ್ತಾರು ಜನರ ಕೈ ಮುಟ್ಟುವ ಕೆಲಸ ಅವನದು. ಮನೆಗೆ ಬಂದವನು ಅಂಗಳದಲ್ಲೇ ಬಟ್ಟೆ ಬಿಚ್ಚಿ ಕುದಿಯುವ ನೀರಿಗೆ ಹಾಕುವನು. ಮಿಂದು, ಬೇರೆ ಉಟ್ಟು, ಹೊಸ್ತಿಲಾಚೆ ನಿಂತು ಕೂಸನ್ನು ನೋಡುವನು. ಅಮ್ಮ ಊರ ಹಾದಿ ಬಿಡಲಿ, ಆಮೇಲೆ ಎತ್ತಿಕೊಂಡರಾಯಿತು ಎನ್ನುವನು. ಅವನಿಗೆ ಊರಿನ ಮೇಲೆ ಎಷ್ಟು ಪ್ರೀತಿಯಿತ್ತೋ ಯಾರಿಗೆ ಗೊತ್ತು. ಆ ಕೂಸಿನ ಮೇಲಂತೂ ಜೀವವನ್ನೇ ಇಟ್ಟಿದ್ದ. ಹೆಬ್ಬಾಗಿಲಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಅದಕ್ಕಾಗಿ.

ಕಾವಲು ಎಂದರೆ ಅದು ಕಾವಲು. ಹೊರಗಿನಿಂದ ಬಂದವರು ಯಾರೇ ಆಗಲಿ, ಒಂದು ಪಕ್ಷ ಗೋಡೆಯಾಚೆಯ ಛತ್ರದಲ್ಲಿ ಇರಬೇಕು. ಹದಿನೈದು ದಿನವೂ ಮೈ ಬಿಸಿಯಾಗದಿದ್ದರೆ ತಳವಾರ ಕೈಗೆ ಬಿಳಿ ದಾರ ಕಟ್ಟಿ ಒಳಗೆ ಬಿಡುವನು. ಊರೊಳಗೆ ಯಾರ ಮೈಮೇಲಾದರೂ ಗುಳ್ಳೆ ಕಂಡರೆ ಅವರಿಗೆ ಕೆಂಪು ದಾರ, ಅವರ ಬಾಗಿಲಿಗೆ ಬೇವಿನ ಸೊಪ್ಪು. ಕೆಂಪು ದಾರದವರು ಬೀದಿಗೆ ಇಳಿಯಕೂಡದು. ದಾರವನ್ನು ಯಾರು ಬೇಕಾದರೂ ಕಟ್ಟಿಕೊಳ್ಳಬಹುದಿತ್ತು. ಗಂಟು ಮಾತ್ರ ಅವನೊಬ್ಬನಿಗೇ ಬರುತ್ತಿತ್ತು. ಬಿಳಿಗೆ ಒಂದು ಸುತ್ತು, ಕೆಂಪಿಗೆ ಮೂರು ಸುತ್ತು, ಮೇಲೆ ಆ ಗಂಟು. ಬಿಚ್ಚಿದರೆ ಮತ್ತೆ ಹಾಕಲಾಗದು. ಹಾಗಾಗಿ ಆ ಊರಿನಲ್ಲಿ ತನ್ನ ಗುರುತನ್ನು ತಾನೇ ಬದಲಾಯಿಸಿಕೊಂಡವರು ಯಾರೂ ಇರಲಿಲ್ಲ.

ಊರಿಗೆ ಇನ್ನೊಂದು ಪದ್ಧತಿಯಿತ್ತು. ಅಲ್ಲಿ ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು. ಒಂದು ಮನೆಯ ಬಾಗಿಲು ಈ ಬೀದಿಗೆ, ಹಿಂದಿನ ಮನೆಯ ಬಾಗಿಲು ಆಚೆ ಬೀದಿಗೆ, ನಡುವೆ ಒಂದೇ ದಪ್ಪ ಗೋಡೆ. ಬೀದಿ ಸುತ್ತಿಕೊಂಡು ಹೋಗುವವರು ಯಾರು? ಗೋಡೆಯಲ್ಲೇ ಒಂದು ಕಿಂಡಿ. ಹೆಪ್ಪಿಗೆ ಮಜ್ಜಿಗೆ, ಒಲೆಗೆ ಕೆಂಡ, ಒಂದು ಹಿಡಿ ಉಪ್ಪು, ಒಂದಿಷ್ಟು ಚಾಡಿ, ಎಲ್ಲಕ್ಕೂ ಅದೇ ದಾರಿ. ಗೋಡೆಯ ದಪ್ಪ ಎರಡು ಮೊಳ. ಈಚೆಯವರು ಪಾತ್ರೆಯನ್ನು ನಡುವಿಗೆ ತಳ್ಳುವರು, ಆಚೆಯವರು ಎಳೆದುಕೊಳ್ಳುವರು. ಬೆರಳ ತುದಿ ಕಂಡರೆ ಹೆಚ್ಚು, ಮುಖವಂತೂ ಕಾಣದು.

ಕಿಂಡಿಯನ್ನು ಯಾರು ಕೊರೆಸಿದರೋ ಅದು ಅವರದು. ಮನೆ ಮೂರು ಕೈ ಬದಲಾದರೂ ಕಿಂಡಿಯ ಹೆಸರು ಬದಲಾಗದು. ಅಲ್ಲಿ ಕಂಚುಗಾರರ ಪೀಳಿಗೆಯೇ ಅಳಿದು ಹೋಗಿತ್ತು, ಆದರೂ ಕಂಚುಗಾರರ ಕಿಂಡಿಯೆಂಬುದೊಂದು ಇತ್ತು. ತಳವಾರನ ಮನೆಯ ಹಿಂಗೋಡೆಯಲ್ಲಿದ್ದದ್ದು ಗಾಣಿಗರ ಕಿಂಡಿ. ಹಿಂದಿನ ಮನೆಯ ಗಾಣಿಗನ ಅಜ್ಜ ಕೊರೆಸಿದ್ದು.

ಹೆಬ್ಬಾಗಿಲು ಭದ್ರವಾದ ಮೇಲೆ ಹಿರಿಯರಿಗೆ ಈ ಕಿಂಡಿಗಳ ನೆನಪು ಬಂತು. ಮುಚ್ಚಿಸಿಬಿಡೋಣ ಎಂದರು. ಹೆಂಗಸರು ಒಪ್ಪಲಿಲ್ಲ. ಕಿಂಡಿ ಮುಚ್ಚಿದರೆ ಒಲೆ ಮುಚ್ಚಿದ ಹಾಗೆ, ನೀವೇ ಬಂದು ಬೇಯಿಸಿ ಎಂದರು. ಸರಿ, ಮುಚ್ಚುವುದು ಬೇಡ, ಗುರುತು ಹಾಕಿಸೋಣ ಎಂದಾಯಿತು. ಬೇನೆಯವರ ಕಿಂಡಿಗೆ ಎರಡೂ ಕಡೆ ಕೆಮ್ಮಣ್ಣು, ಬೇನೆಯಿಲ್ಲದವರ ಕಿಂಡಿಗೆ ಎರಡೂ ಕಡೆ ಸುಣ್ಣ. ಕೆಮ್ಮಣ್ಣು ಕಂಡರೆ ಕೈ ಹಾಕಕೂಡದು. ಸುಣ್ಣ ಕಂಡರೆ ಧಾರಾಳವಾಗಿ ಕೊಡಬಹುದು, ತೆಗೆದುಕೊಳ್ಳಬಹುದು. ಕಾನೂನು ಇಷ್ಟೇ, ಚಿಕ್ಕ ಮಕ್ಕಳಿಗೂ ತಿಳಿಯುವಂಥದು.

ತಳವಾರ ಒಬ್ಬ ಗಾರೆಯವನನ್ನು ಕರೆದುಕೊಂಡು ಮನೆಮನೆ ಹೊಕ್ಕ. ಇದು ಯಾರ ಕಿಂಡಿ ಎಂದು ಕೇಳುವನು. ಹೆಸರು ಹೇಳುವರು. ಆ ಹೆಸರಿನವರ ಕೈಯಲ್ಲಿ ಕೆಂಪು ದಾರವಿದೆಯೋ ಇಲ್ಲವೋ ಎಂದು ನೆನೆದು, ಸುಣ್ಣ ಎನ್ನುವನು ಇಲ್ಲವೇ ಕೆಮ್ಮಣ್ಣು ಎನ್ನುವನು. ಗಾರೆಯವನು ಬಳಿಯುವನು. ತನ್ನ ಮನೆಯ ಹಿಂಗೋಡೆಗೆ ಬಂದಾಗ ಯಾರನ್ನೂ ಕೇಳಬೇಕಾಗಿರಲಿಲ್ಲ. ಗಾಣಿಗರ ಮನೆಯಲ್ಲಿ ಏಳು ಜನ, ಏಳು ಜನರ ಮೈಯೂ ತಣ್ಣಗಿತ್ತು. ಸುಣ್ಣ ಎಂದ.

ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ಗಾರೆಯವನು ಕುಂಚ ತೊಳೆಯುತ್ತ ಕೇಳಿದ.

"ಬಳಿದಿದ್ದು ಬಳಿದ ಹಾಗೇ ಇರ್ತದೆ. ಮನೇಲಿರೋರು ಬದಲಾದ್ರೆ?"

"ಬದಲಾದ್ರೆ ಅವರ ಕೈಗೆ ದಾರ ಕಟ್ಟೋಕೆ ನಾನಿದ್ದೀನಲ್ಲ. ಕಿಂಡಿ ಕೊರೆಸಿದೋರು ಬದಲಾಗ್ತಾರಾ?"

ಗಾರೆಯವನು ಕುಂಚ ಒದರಿದ. ಕೊರೆಸಿದವರು ಬದಲಾಗುವುದಿಲ್ಲ, ಅದು ನಿಜವೇ. ಇನ್ನೂ ಏನೋ ಕೇಳಬೇಕೆಂದು ಅವನಿಗೆ ಅನ್ನಿಸಿತ್ತು, ಅದೇನೆಂದು ಹೊಳೆಯಲಿಲ್ಲ. ಊರಿನ ಕಿಂಡಿಗಳೆಲ್ಲ ಒಂದೇ ದಿನದಲ್ಲಿ ಮುಗಿದವೆಂದು ಹಿರಿಯರು ತಳವಾರನನ್ನು ಮೆಚ್ಚಿಕೊಂಡರು.

ಅಮ್ಮ ಬಾಗಿಲಲ್ಲಿ ಹೇಳಿ ಕೇಳಿ ಬರುವವಳಲ್ಲ. ಅಷ್ಟು ಕಾವಲಿದ್ದೂ ಊರೊಳಗೆ ಒಬ್ಬಿಬ್ಬರಿಗಷ್ಟೇ ಇದ್ದ ಗುಳ್ಳೆ ನಾಲ್ವರಿಗೆ ಎದ್ದಿತು, ಆಮೇಲೆ ಬೀದಿಗಿಬ್ಬರಿಗೆ. ಒಂದೊಂದು ಮನೆಯ ಮುಂದೂ ಒಬ್ಬ ಕಾವಲಿನವನನ್ನು ನಿಲ್ಲಿಸಲಾಗದೆ, ಬೇನೆಯವರನ್ನೆಲ್ಲ ಒಂದೇ ಕಡೆ ಇಡುವುದೆಂದು ಹಿರಿಯರು ತೀರ್ಮಾನಿಸಿದರು. ದೊಡ್ಡ ಮನೆ ಬೇಕು, ಮನೆಯೊಳಗೇ ಬಾವಿ ಬೇಕು. ಅಂಥ ಮನೆ ಗಾಣಿಗರದು. ಗಾಣಿಗ ಒಳ್ಳೆಯವನು, ಬೇಡವೆನ್ನಲಿಲ್ಲ. ಎತ್ತು, ಪಾತ್ರೆ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಮೇಲಿನ ಬೀದಿಯ ತಮ್ಮನ ಮನೆಗೆ ಹೋದ.

ಬೇನೆಯವರು ಆ ಮನೆಗೆ ಬಂದರು. ಹದಿನಾಲ್ಕು ಜನ. ತಳವಾರ ತಾನೇ ಬಾಗಿಲಲ್ಲಿ ನಿಂತು, ಒಬ್ಬೊಬ್ಬರ ಕೈ ನೋಡಿ, ದಾರವಿಲ್ಲದವರಿಗೆ ದಾರ ಕಟ್ಟಿದ. ಅವರಲ್ಲಿ ಒಬ್ಬ ದರ್ಜಿಯ ಹೆಂಡತಿಯಿದ್ದಳು. ಜ್ವರದಲ್ಲಿ ನಿಲ್ಲಲಾರದೆ ಗೋಡೆಗೊರಗಿ ಕೈ ಚಾಚಿದಳು. ಮೂರು ಸುತ್ತು, ಗಂಟು. ಕೆಮ್ಮಣ್ಣಿನ ಕಿಂಡಿಗೆ ಯಾರೂ ಕೈ ಹಾಕಬೇಡಿ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಬಾಗಿಲಿಗೆ ಬೇವು ಕಟ್ಟಿಸಿದ. ಬೀದಿಯಲ್ಲಿ ಕಾವಲಿನವನನ್ನು ನಿಲ್ಲಿಸಿದ. ಮಾಡಬೇಕಾದ್ದನ್ನೆಲ್ಲ ಮಾಡಿದ. ಕಿಂಡಿಗಳ ಕೆಲಸ ಆಗಲೇ ಮುಗಿದಿತ್ತು, ಮುಗಿದ ಕೆಲಸ ಯಾರ ನೆನಪಿಗೂ ಬರುವುದಿಲ್ಲ.

ಮಗಳಿಗೆ ಇದು ಯಾವುದೂ ಗೊತ್ತಿಲ್ಲ. ಬಾಣಂತಿ ಹೊಸ್ತಿಲು ದಾಟುವ ಹಾಗಿಲ್ಲ. ಬಾಣಂತಿಯ ಕಿವಿಗೆ ಬೇನೆಯ ಸುದ್ದಿ, ಸಾವಿನ ಸುದ್ದಿ ಹಾಕುವ ಹಾಗೂ ಇಲ್ಲ, ಹಾಲು ಬತ್ತುತ್ತದೆ ಎನ್ನುತ್ತಾರೆ. ಹಿಂದಿನ ಮನೆ ಬೇನೆಯ ಮನೆಯಾದದ್ದನ್ನು ಅವಳಿಗೆ ಹೇಳಬೇಡಿರೆಂದು ತಳವಾರನೇ ನಾಲ್ಕು ಜನಕ್ಕೆ ತಾಕೀತು ಮಾಡಿದ್ದ. ಅವಳ ಪಾಲಿಗೆ ಲೋಕವೆಂದರೆ ಕೂಸು, ಒಲೆ, ಮತ್ತು ಆ ಕಿಂಡಿ.

ಐದಾರು ದಿನ ಕಳೆಯಿತು. ಬೇನೆಯ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಕೂತವಳು ದರ್ಜಿಯ ಹೆಂಡತಿ. ಒಲೆ ಆರಿತ್ತು. ಮಲಗಿದವರಿಗೆ ಬಿಸಿನೀರು ಬೇಕು. ಬೀದಿಯ ಕಾವಲಿನವನನ್ನು ಕೂಗಿದಳು, ಅವನು ಹೆದರಿ ಹತ್ತಿರ ಬರಲಿಲ್ಲ. ಹಿಂಗೋಡೆಯಲ್ಲಿ ಕಿಂಡಿ ಕಂಡಿತು. ಕಿಂಡಿಗೆ ಸುಣ್ಣ ಬಳಿದಿತ್ತು. ಅವಳು ಮೂರ್ಖಳಲ್ಲ, ಯೋಚಿಸಿದಳು. ತಳವಾರ ಬೇಡವೆಂದದ್ದು ಕೆಮ್ಮಣ್ಣಿನ ಕಿಂಡಿಯನ್ನು. ಇದಕ್ಕೆ ಸುಣ್ಣ ಬಳಿಸಿದ್ದಾನೆಂದರೆ ಆಚೆಯ ಮನೆಯವರು ಅಮ್ಮ ಬಂದು ಹೋದವರೇ ಇರಬೇಕು, ನಮ್ಮಿಂದ ಅವರಿಗೆ ಕೇಡಿಲ್ಲ. ಹಾಗೆಂದುಕೊಂಡು ಕರೆದಳು.

ಈಚೆ ಮಗಳು ಆ ದನಿ ಕೇಳಿದಳು. ಹೊಸ ದನಿ. ಗಾಣಿಗರ ಮನೆಗೆ ಸೊಸೆ ಬಂದಿರಬೇಕೆಂದುಕೊಂಡಳು. ಆದರೂ ಬುದ್ಧಿವಂತೆ, ಅಪ್ಪನನ್ನು ಕೇಳದೆ ಕೊಡಲಿಲ್ಲ.

"ಅಪ್ಪಾ, ಗಾಣಿಗರ ಕಿಂಡೀಲಿ ಕೆಂಡ ಕೇಳ್ತಿದಾರೆ. ಕೊಡ್ಲಾ?"

ತಳವಾರ ಅಂಗಳದಲ್ಲಿ ತಲೆಗೆ ನೀರು ಹುಯ್ದುಕೊಳ್ಳುತ್ತಿದ್ದ.

"ಕಿಂಡಿಗೆ ಏನು ಬಳಿದಿದೆ?"

"ಸುಣ್ಣ."

"ಮತ್ತೇನು ಕೇಳೋದು? ಕೊಡು."

ಇಲ್ಲಿ ಹೇಮಾವತಿ ತಡೆದಳು. "ಅದು ಹೇಗೆ ಗುರುಗಳೇ? ಆ ಮನೆಗೆ ಬೇನೆಯವರನ್ನ ತಂದು ಬಿಟ್ಟೋನು ಅವನೇ. ಅವನಿಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು" ಎಂದರು ಆರಾಧ್ಯರು. "ಗೊತ್ತಿರೋದು ಬೇರೆ, ಕೇಳಿದ ಗಳಿಗೇಲಿ ಹೊಳೆಯೋದು ಬೇರೆ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದನಂತೆ ಒಬ್ಬ. ಅವನನ್ನು ನೋಡಿ ನಾವು ನಗುತ್ತೇವೆ. ಆದರೆ ಹೆಬ್ಬಾಗಿಲಲ್ಲಿ ಬೆಳಗಿನಿಂದ ನಿಂತು ಬಂದವನ ಕಿವಿಗೆ ಗಾಣಿಗರು ಎಂಬ ಮಾತು ಬಿದ್ದರೆ ಅವನ ಕಣ್ಣ ಮುಂದೆ ಬರುವವರು ಗಾಣಿಗರೇ. ಅದೇ ದಿನ ಮೇಲಿನ ಬೀದಿಯಲ್ಲಿ ಗಾಣಿಗ ಅವನಿಗೆ ಎದುರಾಗಿದ್ದ, ಕೈಯಲ್ಲಿ ಕೆಂಪು ದಾರವಿರಲಿಲ್ಲ, ಗಟ್ಟಿಮುಟ್ಟಾಗಿದ್ದ. ಬೇನೆಯ ಮನೆ ಎಂಬುದು ತಳವಾರನ ಮನಸ್ಸಿನಲ್ಲಿ ಆಚೆ ಬೀದಿಯಲ್ಲಿತ್ತು, ಬೇವಿನ ತೋರಣದ ಹಿಂದೆ. ಗಾಣಿಗರ ಕಿಂಡಿ ಎಂಬುದು ತನ್ನ ಮನೆಯ ಅಡುಗೆಕೋಣೆಯಲ್ಲಿತ್ತು. ಅವೆರಡೂ ಒಂದೇ ಗೋಡೆಯ ಎರಡು ಮೈ ಎಂಬುದನ್ನು ಒಮ್ಮೆ ನಿಂತು ನೋಡಬೇಕಿತ್ತು. ಕಾನೂನು ನಿಂತು ನೋಡು ಎಂದಿರಲಿಲ್ಲ, ಬಣ್ಣ ನೋಡು ಎಂದಿತ್ತು. ಅವನು ಬಣ್ಣ ಕೇಳಿದ.

ಮಗಳು ಕೆಂಡ ಕೊಟ್ಟಳು. ಮಾರನೆಯ ದಿನ ಮಜ್ಜಿಗೆ ಕೊಟ್ಟಳು. ಆಮೇಲೆ ಮಾತು ಶುರುವಾಯಿತು. ಎಷ್ಟೋ ದಿನದಿಂದ ಹೆಣ್ಣು ದನಿ ಕೇಳದವಳು ಒಬ್ಬಳು, ನರಳುವವರ ನಡುವೆ ಕೂತು ಸಾಕಾದವಳು ಇನ್ನೊಬ್ಬಳು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಬೇನೆಯ ಹೆಸರೆತ್ತುವುದು ಬೇಡವೆಂದು ಆಚೆಯವಳು ಸುಮ್ಮನಿದ್ದಳು, ಬಾಣಂತಿಯ ಮುಂದೆ ಯಾರು ಎತ್ತುತ್ತಾರೆ? ಈಚೆಯವಳಿಗೆ ಎತ್ತಲು ಏನೂ ಗೊತ್ತಿರಲಿಲ್ಲ. ಕೂಸು ಅತ್ತರೆ ಗೋಡೆಯಾಚೆಯಿಂದ ಜೋಗುಳ ಬರುವಷ್ಟು ಬಳಕೆಯಾಯಿತು. ಸುಣ್ಣವಿರುವಾಗ ಕೂಸಿಗೂ ಕೇಡಿಲ್ಲವೆಂದೇ ಆಚೆಯವಳು ನಂಬಿದ್ದಳು. ಅದರಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಕತೆ ಹೇಳುವುದು ಸುಲಭವಾಗುತ್ತಿತ್ತು.

ಕೊಟ್ಟದ್ದಕ್ಕೆ ಪ್ರತಿಯಾಗಿ ಏನಾದರೂ ಕೊಡದಿದ್ದರೆ ಹೆಣ್ಣುಮಕ್ಕಳ ಮನಸ್ಸು ಒಪ್ಪುವುದಿಲ್ಲ. ದರ್ಜಿಯ ಹೆಂಡತಿಯ ಬಳಿ ಇದ್ದದ್ದು ಒಂದು ಸೂಜಿ, ಒಂದಿಷ್ಟು ನೂಲು, ಹೊದೆದು ಮಲಗಿದ್ದ ಒಂದು ಹಳೆಯ ಸೀರೆ. ಕೂಸಿನ ತಲೆಗೆ ಹಳೆಯ ಸೀರೆಯಷ್ಟು ಮೆತ್ತನೆಯದು ಇನ್ನೊಂದಿಲ್ಲ. ಸೆರಗಿನ ಕಡೆಯಿಂದ ಒಂದು ತುಂಡು ಹರಿದು, ಎರಡು ದಿನ ಕೂತು ಒಂದು ಕುಲಾವಿ ಹೊಲಿದಳು. ದೃಷ್ಟಿಯಾಗದಿರಲೆಂದು ಅಂಚಿಗೆ ಕಪ್ಪು ನೂಲಿನ ಒಂದು ಸಾಲು ಹಾಕಿದಳು. ಕಿಂಡಿಯ ನಡುವಿಗೆ ತಳ್ಳಿದಳು. ಈಚೆಯಿಂದ ಒಂದು ಕೈ ಅದನ್ನು ಎಳೆದುಕೊಂಡಿತು.

ಅಂದು ತಳವಾರ ಹೊಸ್ತಿಲಾಚೆ ನಿಂತು ನೋಡುವಾಗ ಕೂಸಿನ ತಲೆಯ ಮೇಲೆ ಕುಲಾವಿಯಿತ್ತು. ಯಾರು ಕೊಟ್ಟರು ಎಂದು ಕೇಳಿದ. ಗಾಣಿಗರ ಕಿಂಡಿಯಿಂದ ಬಂತು ಎಂದಳು ಮಗಳು. ಗಾಣಿಗನ ಹೆಂಡತಿಗೆ ಕಷ್ಟಕಾಲದಲ್ಲೂ ಎಷ್ಟು ನೆನಪು ಎಂದುಕೊಂಡ. ಬೇನೆ ಶುರುವಾದ ಮೇಲೆ ಅವನು ನಕ್ಕದ್ದು ಆವತ್ತು ಒಂದೇ ದಿನ.

ಕುಲಾವಿ ಹಾಕಿದ ಹನ್ನೆರಡನೆಯ ದಿನ ಕೂಸಿನ ಮೈ ಬಿಸಿಯಾಯಿತು. ಮೊಲೆ ಕಚ್ಚಲಿಲ್ಲ. ಮೂರು ದಿನ ಕಳೆದ ಮೇಲೆ ಗುಳ್ಳೆ ಕಂಡವು, ಅಂಗಾಲಿನಲ್ಲಿ ಕೂಡ. ತಳವಾರ ಇಷ್ಟು ಚಿಕ್ಕ ಕೈಗೆ ಹಿಂದೆ ಎಂದೂ ದಾರ ಕಟ್ಟಿರಲಿಲ್ಲ. ಮೂರು ಸುತ್ತು ಹೆಚ್ಚಾಗಿ, ಉಳಿದ ದಾರ ಕೂಸಿನ ಮೊಣಕೈವರೆಗೆ ಇಳಿಬಿತ್ತು. ಹದಿನೆಂಟನೆಯ ದಿನ ಬೆಳಗ್ಗೆ ಕೂಸು ಸತ್ತಿತು.

ಆಗ ಅವನು ಅದನ್ನು ಎತ್ತಿಕೊಂಡ. ಗೋಡೆಯಾಚೆಗೆ ಒಯ್ದು, ತಾನೇ ಗುಂಡಿ ತೋಡಿ, ತಾನೇ ಮಲಗಿಸಿ ಬಂದ.

ಬೇನೆಯನ್ನು ತಾನೇ ಮನೆಗೆ ತಂದೆನೆಂದುಕೊಂಡ. ತನ್ನ ಕೈ, ತನ್ನ ಬಟ್ಟೆ, ತನ್ನ ಉಸಿರು. ಕೈಯನ್ನು ಬೂದಿ ಹಾಕಿ ಚರ್ಮ ಸುಲಿಯುವ ಹಾಗೆ ಉಜ್ಜಿಕೊಂಡ. ಹೆಬ್ಬಾಗಿಲಲ್ಲಿ ಯಾವ ಗಳಿಗೆಯಲ್ಲಿ ಎಚ್ಚರ ತಪ್ಪಿದೆನೆಂದು ದಿನ ದಿನವನ್ನೂ ತಿರುವಿ ಹಾಕಿ ನೋಡಿದ. ಒಂದೂ ಸಿಗಲಿಲ್ಲ. ಮಗಳು ಗೋಡೆಗೆ ಮುಖ ಮಾಡಿ ಮಲಗಿದವಳು ಎದ್ದಿರಲಿಲ್ಲ. ಮೂರನೆಯ ದಿನ ಅವಳಿಗೆ ಗಂಜಿ ಕಾಯಿಸೋಣವೆಂದು ಅವನೇ ಒಲೆಯ ಮುಂದೆ ಕೂತ. ಹಿಂಗೋಡೆಯಿಂದ ಮೆಲ್ಲಗೆ ಒಂದು ದನಿ ಬಂತು.

"ಅಕ್ಕಾ, ಇದೀಯಾ? ವಾರದಿಂದ ಸದ್ದೇ ಇಲ್ಲ. ಕುಲಾವಿ ಕೂಸಿಗೆ ಇನ್ನೂ ಹಿಡೀತದಾ?"

ಗಾಣಿಗನ ಹೆಂಡತಿಯ ದನಿ ಅವನಿಗೆ ಗೊತ್ತು. ಇದು ಅದಲ್ಲ. ಅವನು ಎದ್ದು ಹೋಗಿ ಕಿಂಡಿಯೊಳಕ್ಕೆ ಹೆಗಲವರೆಗೆ ಕೈ ಹಾಕಿದ. ಕೆಂಡದ ಚಿಪ್ಪು ಬಂತೆಂದುಕೊಂಡು ಆಚೆಯವಳೂ ಕೈ ಚಾಚಿದಳು. ಕಿಂಡಿಯೊಳಗೆ ಕತ್ತಲು, ಕಣ್ಣಿಗೆ ಏನೂ ಕಾಣಲಿಲ್ಲ. ಬೆರಳಿಗೆ ಅವಳ ಮಣಿಕಟ್ಟು ಸಿಕ್ಕಿತು. ಮಣಿಕಟ್ಟಿನ ಮೇಲೆ ದಾರ ಸಿಕ್ಕಿತು. ಒಂದು ಸುತ್ತು, ಎರಡು, ಮೂರು. ಮೇಲೆ ಗಂಟು. ಆ ಗಂಟನ್ನು ಹಾಕಬಲ್ಲವನು ಊರಿನಲ್ಲಿ ಒಬ್ಬನೇ.

ಅವನು ಅವಳ ಕೈ ಬಿಟ್ಟ. "ಹಿಡೀತದೆ ತಾಯಿ" ಎಂದ.

ಅದೇ ದಿನ ಕಲ್ಲು ಮಣ್ಣು ತಂದು ಆ ಕಿಂಡಿ ಮುಚ್ಚಿದ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಆಮೇಲೆ ಹಿರಿಯರ ಮುಂದೆ ಹೋಗಿ ನಿಂತು ನಡೆದದ್ದನ್ನು ಒಂದೂ ಬಿಡದೆ ಹೇಳಿದ. ನನ್ನ ತಪ್ಪು ಏನೆಂದು ಹುಡುಕಿ ಕೊಡಿ ಎಂದು ಕೈ ಮುಗಿದ.

ಹಿರಿಯರು ನ್ಯಾಯವಂತರು, ನಿಧಾನವಾಗಿ ವಿಚಾರಿಸಿದರು. ಹೆಬ್ಬಾಗಿಲಲ್ಲಿ ಯಾರನ್ನಾದರೂ ನೋಡದೆ ಬಿಟ್ಟಿದ್ದನೇ? ಇಲ್ಲ. ದರ್ಜಿಯ ಹೆಂಡತಿಗೆ ತಪ್ಪು ದಾರ ಕಟ್ಟಿದ್ದನೇ? ಇಲ್ಲ, ಕೆಂಪು ದಾರವೇ, ಸರಿಯಾದ ಗಂಟೇ. ಬೇವು ಕಟ್ಟಿಸಿರಲಿಲ್ಲವೇ? ಕಟ್ಟಿಸಿದ್ದ. ಗಾಣಿಗರ ಕಿಂಡಿಗೆ ಸುಣ್ಣ ಬಳಿಸಿದ್ದು ಸುಳ್ಳೇ? ಗಾಣಿಗರನ್ನು ಕರೆಸಿ ನೋಡಿದರು, ಏಳು ಜನಕ್ಕೂ ಆ ಹೊತ್ತಿಗೂ ಬೇನೆಯಿರಲಿಲ್ಲ. ದರ್ಜಿಯ ಹೆಂಡತಿ ಕೆಮ್ಮಣ್ಣಿನ ಕಿಂಡಿಗೆ ಕೈ ಹಾಕಿದ್ದಳೇ? ಇಲ್ಲ. ಮಗಳು ಕೇಳದೆ ಕೊಟ್ಟಿದ್ದಳೇ? ಅದೂ ಇಲ್ಲ. ಎಲ್ಲ ಗುರುತೂ ಸರಿಯಾಗಿತ್ತು, ಎಲ್ಲರೂ ಕಾನೂನಿನಂತೆಯೇ ನಡೆದಿದ್ದರು. ನಿನ್ನಲ್ಲಿ ತಪ್ಪಿಲ್ಲ, ಇದು ಹಣೆಬರಹ, ಹೋಗಿ ಬಾಗಿಲು ಕಾಯಿ ಎಂದರು.

ತಪ್ಪು ಸಿಕ್ಕಿದ್ದರೆ ಅವನು ಅತ್ತಾದರೂ ಹಗುರಾಗುತ್ತಿದ್ದ. ಸಿಗಲಿಲ್ಲ. ಅವನು ಹೋಗಿ ಬಾಗಿಲು ಕಾದ. ಮಳೆಗಾಲ ಬಂದು ಅಮ್ಮ ಊರು ಬಿಟ್ಟಳು. ದರ್ಜಿಯ ಹೆಂಡತಿ ಕೆಂಪು ದಾರ ಕತ್ತರಿಸಿಕೊಳ್ಳಲು ಬಂದಾಗ, ಆ ಬೀದಿಯ ಹಿಂದಿನ ಮನೆಯಲ್ಲೊಂದು ಕೂಸಿತ್ತಲ್ಲ, ಹೇಗಿದೆ ಎಂದು ಅವನನ್ನೇ ಕೇಳಿದಳು. ತಾಯಿಯ ಜೊತೆ ಅಪ್ಪನ ಮನೆಗೆ ಹೋಯಿತು ಎಂದ. ಮಗಳು ಹೊರಡುವ ದಿನ ಕುಲಾವಿ ಕೇಳಿದಳು, ಅದೊಂದಾದರೂ ಇರಲಿ ಎಂದು. ಅವನು ಅದನ್ನು ಸುಟ್ಟಿದ್ದ. ಯಾಕೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲೂ ಇಲ್ಲ.

ಆರಾಧ್ಯರು ಅಲ್ಲಿಗೆ ನಿಲ್ಲಿಸಿ ಕನ್ನಡಕ ಹಾಕಿಕೊಂಡರು. ಹೇಮಾವತಿ ತಾನು ಬರೆದದ್ದರ ಕಡೆ ನೋಡುತ್ತ ಕೂತಳು. ಕತೆ ಯಾರ ತಲೆಗೆ ಬಂತೆಂದು ಅವಳಿಗೆ ತಿಳಿದಿತ್ತು. ಆದರೂ ಮೂರು ತಿಂಗಳ ಕೆಲಸ, ಅಷ್ಟು ಬೇಗ ಕೈಬಿಡಲು ಮನಸ್ಸಾಗಲಿಲ್ಲ.

"ಆದರೂ ಒಂದು ಮಾತು ಗುರುಗಳೇ" ಎಂದಳು. "ಆ ಗುರುತು ಸುಳ್ಳಲ್ಲವಲ್ಲ. ಸುಣ್ಣ ಬಳಿದ ದಿನ ಅದು ಸರಿಯಾಗೇ ಇತ್ತು."

"ಕೂಸು ಸತ್ತದ್ದು ಸುಣ್ಣ ಬಳಿದ ದಿನವಲ್ಲ, ಹೇಮಾ."